ಶಾಲೆಯ ದುಡ್ಡು ಗೋಡೆಗೆ

ಮಾನ್ಯರೇ,

ಅಮೆರಿಕ–ಮೆಕ್ಸಿಕೊ ನಡುವಿನ ಗಡಿಗೋಡೆಯ ಖರ್ಚನ್ನು ಮೆಕ್ಸಿಕೊ ಕೊಡುತ್ತದೆ ಎಂದು ಟ್ರಂಪ್ 2016ರ ಚುನಾವಣೆಯಲ್ಲಿ ಎದೆ ತಟ್ಟಿ ಹೇಳಿದ್ದರು. ಕೊನೆಗೆ ಕತ್ತರಿ ಬಿದ್ದದ್ದು ಅವರದೇ ಸೇನೆಯ ಜೇಬಿಗೆ. ಗೋಡೆಯ ಹಣದ ಜಗಳದಲ್ಲಿ ಹಲವು ಸರ್ಕಾರಿ ಕಚೇರಿಗಳು 35 ದಿನ ಬಾಗಿಲು ಮುಚ್ಚಿದ ಮೇಲೂ ಅಮೆರಿಕದ ಸಂಸತ್ತು ಒಪ್ಪಿದ್ದು 137.5 ಕೋಟಿ ಡಾಲರ್ ಮಾತ್ರ. ಆಗ ಬೇರೆ ಬಾಬಿನ ಹಣವನ್ನು ಗೋಡೆಗೆ ತಿರುಗಿಸಲು ಟ್ರಂಪ್ 2019ರ ಫೆಬ್ರುವರಿಯಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದರು. ಸೆಪ್ಟೆಂಬರ್‌ನಲ್ಲಿ 127 ಸೇನಾ ಕಾಮಗಾರಿಗಳ 360 ಕೋಟಿ ಡಾಲರ್ ಗೋಡೆಯ ಪಾಲಾಯಿತು. ಫೋರ್ಟ್ ಕ್ಯಾಂಪ್‌ಬೆಲ್ ನೆಲೆಯಲ್ಲಿ ಸೈನಿಕರ ಮಕ್ಕಳಿಗೆ ಕಟ್ಟಬೇಕಿದ್ದ ಶಾಲೆಯೂ ಆ ಪಟ್ಟಿಯಲ್ಲಿತ್ತು. ಮರಿಯಾ ಚಂಡಮಾರುತಕ್ಕೆ ನಲುಗಿದ್ದ, ಅಮೆರಿಕದ ಆಡಳಿತಕ್ಕೆ ಸೇರಿದ ದ್ವೀಪ ಪೋರ್ಟೊರಿಕೊದ ಕೆಲಸಗಳೂ ಇದ್ದವು. ಮುಂದೂಡಿದ್ದೇವೆ, ರದ್ದುಪಡಿಸಿಲ್ಲ ಎಂದು ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಸಮಜಾಯಿಷಿ ನೀಡಿತು. ಇನ್ನೂ ಖರ್ಚಾಗದ ಹಣವೆಂದರೆ ವಾರಸುದಾರರಿಲ್ಲದ ಹಣವೇ?

ಗೋಡೆ ಬೇಕೋ ಬೇಡವೋ, ಅದು ಅವರ ಜಗಳ. ಆದರೆ ಖಜಾನೆಯ ಕೀಲಿಕೈ ಶಾಸಕಾಂಗದ ಬಳಿ ಇರಬೇಕೆಂದು ಅವರ ಸಂವಿಧಾನವೂ ಹೇಳುತ್ತದೆ, ನಮ್ಮ ಸಂವಿಧಾನದ 114ನೇ ವಿಧಿಯೂ ಹೇಳುತ್ತದೆ. ಸಂಸತ್ತು ಒಲ್ಲೆನೆಂದದ್ದನ್ನು ಅಧ್ಯಕ್ಷರು ಹಿತ್ತಿಲ ಬಾಗಿಲಿನಿಂದ ಪಡೆದರು. ತುರ್ತು ಪರಿಸ್ಥಿತಿಯನ್ನು ಕೊನೆಗೊಳಿಸಲು ಎರಡೂ ಸದನಗಳು ನಿರ್ಣಯ ಅಂಗೀಕರಿಸಿದರೂ ಟ್ರಂಪ್ ವಿಟೊ ಚಲಾಯಿಸಿದರು. ಅದನ್ನು ಮೀರಲು ಬೇಕಾದ ಮೂರನೇ ಎರಡರಷ್ಟು ಮತ ಸಿಗಲಿಲ್ಲ.

– ಓದುಗ, ಧಾರವಾಡ