ಸೆಪ್ಟಿಕ್ ಟ್ಯಾಂಕ್: ಮುಚ್ಚುವ ಮುನ್ನ ಪರಿಶೀಲನೆಯಾಗಲಿ

ಮಾನ್ಯರೇ,

ಮೈಸೂರಿನ ಹೊರವಲಯದಲ್ಲಿ ಒಳಚರಂಡಿ ಸಂಪರ್ಕವಿಲ್ಲದ ಬಡಾವಣೆಗಳ ಮನೆಗಳಿಗೆ ಸೆಪ್ಟಿಕ್ ಟ್ಯಾಂಕ್ ಅನಿವಾರ್ಯ. ಆದರೆ ಅವುಗಳ ಮೇಲೆ ಸ್ಥಳೀಯ ಸಂಸ್ಥೆಗಳು ಇಡುವ ನಿಗಾ ನಕ್ಷೆಗೆ ಮಂಜೂರಾತಿ ಕೊಡುವುದರೊಂದಿಗೆ ಮುಗಿದುಹೋಗುತ್ತಿದೆ. ನಕ್ಷೆಯಲ್ಲಿ ಸೆಪ್ಟಿಕ್ ಟ್ಯಾಂಕ್ ಎಂದು ಗುರುತಿಸಿದ ಜಾಗದಲ್ಲಿ ಎಷ್ಟೋ ಕಡೆ ಇರುವುದು ಸಿಮೆಂಟ್ ರಿಂಗುಗಳನ್ನು ಇಳಿಸಿ ತಳಕ್ಕೆ ಕಾಂಕ್ರೀಟನ್ನೇ ಹಾಕದೆ ಬಿಟ್ಟ ಗುಂಡಿ. ಹಲವು ವರ್ಷ ಕಳೆದರೂ ಅದು ತುಂಬಲಿಲ್ಲವೆಂದು ಮನೆಯವರು ನೆಮ್ಮದಿಯಿಂದಿರುತ್ತಾರೆ. ಅದು ತುಂಬದಿರುವುದು ಕೊಳಚೆ ನೀರು ನೇರವಾಗಿ ನೆಲಕ್ಕೆ ಇಳಿಯುತ್ತಿರುವುದರಿಂದ.

ಭಾರತೀಯ ಮಾನಕ ಬ್ಯೂರೋದ ಐಎಸ್ 2470 ಸಂಹಿತೆಯ ಪ್ರಕಾರ ಟ್ಯಾಂಕಿನಿಂದ ಹೊರಬರುವ ನೀರನ್ನು ಇಂಗಿಸುವ ಗುಂಡಿಯು ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರದಲ್ಲಿರಬೇಕು. ಮೂವತ್ತು-ನಲವತ್ತರ ನಿವೇಶನವನ್ನು ಮೂಲೆಯಿಂದ ಎದುರು ಮೂಲೆಗೆ ಅಳೆದರೂ ಸಿಗುವುದು 50 ಅಡಿ, ಅಂದರೆ ಸುಮಾರು 15 ಮೀಟರ್ ಮಾತ್ರ. ಕೊಳವೆಬಾವಿ ಮತ್ತು ಇಂಗುಗುಂಡಿ ಎರಡನ್ನೂ ಇಂಥ ಒಂದೇ ನಿವೇಶನದೊಳಗೆ ನಿಯಮದಂತೆ ಮಾಡಲು ಸಾಧ್ಯವೇ ಇಲ್ಲ; ತನ್ನ ನಿವೇಶನದಲ್ಲಿ ಬಾವಿ ಇಲ್ಲದವರ ಇಂಗುಗುಂಡಿಯೂ ಪಕ್ಕದ ಮನೆಯ ಕೊಳವೆಬಾವಿಗೆ ಹತ್ತಿರವೇ ಇರುತ್ತದೆ. ಹೀಗಿರುವಾಗ ಸಾಲ ಮಾಡಿ ಮನೆ ಕಟ್ಟಿದವರಿಗೆ ನೋಟಿಸು ಕೊಟ್ಟು ದಂಡ ಹಾಕುವುದಷ್ಟೇ ನಿಯಂತ್ರಣ ಎನಿಸಿಕೊಳ್ಳುವುದಿಲ್ಲ. ಒಳಚರಂಡಿಯಾಗಲಿ, ಸಾಮೂಹಿಕ ಶುದ್ಧೀಕರಣ ಘಟಕವಾಗಲಿ ಸಿದ್ಧವಾಗುವ ಮುನ್ನವೇ ಬಡಾವಣೆಗೆ ಅನುಮೋದನೆ ಕೊಟ್ಟವರ ಹೊಣೆಯೇ ಇದರಲ್ಲಿ ಹೆಚ್ಚಿನದು. 2024ರ ಮೇ ತಿಂಗಳಲ್ಲಿ ನಮ್ಮದೇ ತಾಲ್ಲೂಕಿನ ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಅಸ್ವಸ್ಥರಾಗಿ, ಒಬ್ಬ ಯುವಕ ಪ್ರಾಣ ಕಳೆದುಕೊಂಡ ಮೇಲೂ ಕುಡಿಯುವ ನೀರಿನ ಮೂಲಗಳ ಸುತ್ತ ಏನಿದೆ ಎಂದು ನೋಡದಿರುವುದು ಅಕ್ಷಮ್ಯ.

ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕೆಂಬುದು ಬಹುಪಾಲು ಮಾಲೀಕರಿಗೆ ತಿಳಿದಿಲ್ಲ. ಉಕ್ಕಿ ಹರಿದ ಮೇಲಷ್ಟೇ ಸಕ್ಕಿಂಗ್ ಗಾಡಿಗೆ ಫೋನ್ ಹೋಗುತ್ತದೆ. ಆ ಗಾಡಿ ತುಂಬಿಕೊಂಡದ್ದನ್ನು ಎಲ್ಲಿ ಸುರಿಯಿತೆಂದು ಕೇಳುವವರಿಲ್ಲ. ಮಲತ್ಯಾಜ್ಯವನ್ನು ಪ್ರತ್ಯೇಕವಾಗಿ ಸಂಸ್ಕರಿಸುವ ಘಟಕ ನಮ್ಮ ರಾಜ್ಯದ ದೇವನಹಳ್ಳಿಯಲ್ಲಿ 2015ರಲ್ಲೇ ಆರಂಭವಾಗಿರುವುದರಿಂದ, ಇದು ನಮ್ಮಲ್ಲಿ ಆಗದ ಕೆಲಸವೆಂದು ಯಾರೂ ಹೇಳುವಂತಿಲ್ಲ. ಇನ್ನು, ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಡಿ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ. ಕೂಲಿಗೆ ಕರೆಸಿದ ಮನೆ ಮಾಲೀಕರೂ ಇದರಿಂದ ಹೊರತಲ್ಲವೆಂಬ ಮಾತನ್ನು ನಕ್ಷೆ ಮಂಜೂರಾತಿ ಪತ್ರದಲ್ಲೇ ಮುದ್ರಿಸಬೇಕು.

ಟ್ಯಾಂಕಿನ ಮೇಲೆ ಚಪ್ಪಡಿ ಕೂರುವ ಮುನ್ನ ಎಂಜಿನಿಯರ್ ಒಬ್ಬರು ಸ್ಥಳಕ್ಕೆ ಬಂದು, ಅದಕ್ಕೆ ನೀರು ತುಂಬಿಸಿ ಸೋರುತ್ತದೆಯೇ ಎಂದು ಪರೀಕ್ಷಿಸಿದ ಬಳಿಕವೇ ಮನೆಗೆ ಪೂರ್ಣತಾ ಪ್ರಮಾಣಪತ್ರ ನೀಡಬೇಕು. ಸಕ್ಕಿಂಗ್ ಗಾಡಿಗಳಿಗೆ ಪರವಾನಗಿ ಕಡ್ಡಾಯವಾಗಬೇಕು. ತ್ಯಾಜ್ಯವನ್ನು ಶುದ್ಧೀಕರಣ ಘಟಕದಲ್ಲಿ ಇಳಿಸಿದ ರಸೀದಿಯ ಒಂದು ಪ್ರತಿ ಮನೆಯವರ ಕೈಗೂ ಸಿಗಬೇಕು. ಒಮ್ಮೆಗೇ ಹಣ ಹೊಂದಿಸಲಾಗದ ಕುಟುಂಬಗಳು ಟ್ಯಾಂಕ್ ಖಾಲಿ ಮಾಡಿಸುವ ಶುಲ್ಕವನ್ನು ಆಸ್ತಿ ತೆರಿಗೆಯೊಂದಿಗೆ ಕಂತಿನಲ್ಲಿ ಕಟ್ಟಲು ಅವಕಾಶವಿರಲಿ. ಜಿಲ್ಲಾಧಿಕಾರಿಗಳು ಈ ಮಳೆಗಾಲಕ್ಕೆ ಮೊದಲೇ ಹೊರವಲಯದ ಕೊಳವೆಬಾವಿಗಳ ನೀರನ್ನು ಪರೀಕ್ಷೆಗೆ ಒಳಪಡಿಸಿ, ಫಲಿತಾಂಶವನ್ನು ಬಡಾವಣೆವಾರು ಪ್ರಕಟಿಸಬೇಕೆಂದು ಕೋರುತ್ತೇನೆ.

— ಒಬ್ಬ ನಿವಾಸಿ, ಬೋಗಾದಿ, ಮೈಸೂರು