ಮಾಧವ ಮೆನನ್ ಮಾಸ್ತರರ ವಿದ್ಯೆ ಎಣ್ಮಕಜೆಗೂ ಬರಲಿ

ಮಂಜೇಶ್ವರ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರಗಳು.

ಎಣ್ಮಕಜೆಯಲ್ಲಿ ನಮ್ಮ ಮನೆಯಿಂದ ಎರಡು ಗುಡ್ಡೆ ಆಚೆಗೆ ಬೀಡಿ ಕಟ್ಟಿ ಬದುಕುವ ಹೆಂಗಸೊಬ್ಬರಿದ್ದಾರೆ. ಮನೆಮಾತು ತುಳು, ಓದಿದ್ದು ಐದನೆಯ ತರಗತಿಯವರೆಗೆ, ಕನ್ನಡದಲ್ಲಿ. ಕಳೆದ ಮಳೆಗಾಲದಲ್ಲಿ ಕಚೇರಿಯೊಂದರಿಂದ ಅವರಿಗೆ ರಿಜಿಸ್ಟರ್ಡ್ ಅಂಚೆ ಬಂತು. ಕಾಗದ ಪೂರ್ತಿ ಮಲಯಾಳದಲ್ಲಿತ್ತು. ರೇಷನ್ ಕಾರ್ಡಿನ ವಿಚಾರವಿರಬೇಕು ಎಂದುಕೊಂಡು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟರು. ತಿಂಗಳಾದ ಮೇಲೆ ನನ್ನ ಬಳಿ ತಂದಾಗಲೇ ಗೊತ್ತಾದದ್ದು, ಅದು ಜಾಗದ ಗಡಿ ತಕರಾರಿನ ನೋಟೀಸು ಎಂದು. ಹಾಜರಾಗಬೇಕಿದ್ದ ದಿನ ದಾಟಿ ಹನ್ನೊಂದು ದಿನವಾಗಿತ್ತು. "ನನ್ನಿಂದ ಏನು ತಪ್ಪಾಯಿತು ಮಾಷ್ಟ್ರೇ?" ಎಂದು ಕೇಳಿದರು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ನಮ್ಮನ್ನು ಮರೆತಿಲ್ಲ. ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಅದು ಹೇಳುತ್ತದೆ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. 39ಎ ವಿಧಿ ಉಚಿತ ಕಾನೂನು ನೆರವಿನ ಮಾತಾಡುತ್ತದೆ. ಹೆಂಗಸರಿಗೆ ಈ ನೆರವು ಸಿಗಲು ಆದಾಯದ ಮಿತಿಯೂ ಅಡ್ಡ ಬರುವುದಿಲ್ಲ. ಇಷ್ಟೆಲ್ಲ ಇದ್ದರೂ ಆ ಬೀಡಿ ಕಟ್ಟುವ ತಾಯಿಯ ಬಳಿ ಕುಳಿತು, "ನೋಡಿ, ಇದು ನಿಮ್ಮದು" ಎಂದು ಹೇಳಿದವರು ಒಬ್ಬರೂ ಇರಲಿಲ್ಲ. ಹಾಗೆ ಹೇಳುವವರನ್ನು ತಯಾರು ಮಾಡುವುದಕ್ಕೇ ಆಯುಷ್ಯ ಸವೆಸಿದ ಒಬ್ಬ ಕಾನೂನು ಪ್ರಾಧ್ಯಾಪಕರ ಹೆಸರು ಹಿಡಿದು ಈ ಪತ್ರ ಬರೆಯುತ್ತಿದ್ದೇನೆ.

ಎನ್. ಆರ್. ಮಾಧವ ಮೆನನ್ ಅವರು 1935ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದವರು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿದಾಗ ಅವರಿಗೆ ಇಪ್ಪತ್ತೊಂದು. ವಕೀಲರಾಗಿ ಹೆಸರು, ಹಣ ಗಳಿಸುವ ದಾರಿ ಮುಂದಿತ್ತು. ಅವರು ಹಿಡಿದದ್ದು ಪಾಠ ಹೇಳುವ ದಾರಿಯನ್ನು. ಅಲಿಗಢದಲ್ಲಿ ಉನ್ನತ ವ್ಯಾಸಂಗ ಮಾಡಿದರು, ದೆಹಲಿ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ವೈದ್ಯ ವಿದ್ಯಾರ್ಥಿ ರೋಗಿಯ ಮಂಚದ ಬಳಿ ನಿಂತು ಕಲಿಯುವ ಹಾಗೆ ಕಾನೂನಿನ ವಿದ್ಯಾರ್ಥಿಯೂ ಕಷ್ಟದಲ್ಲಿರುವ ಕಕ್ಷಿದಾರನ ಎದುರು ಕುಳಿತು ಕಲಿಯಬೇಕು ಎಂಬ ವಿಚಾರಕ್ಕೆ ನಮ್ಮ ದೇಶದಲ್ಲಿ ನೆಲೆ ಒದಗಿಸಿದವರಲ್ಲಿ ಅವರು ಮೊದಲ ಸಾಲಿನವರು. ಕಾನೂನು ಕಾಲೇಜಿನೊಳಗೆ ನೆರವಿನ ಕೇಂದ್ರ ತೆರೆಯುವುದು ಅವರಿಗೆ ಪಾಠದ ಹೊರಗಿನ ಸಮಾಜಸೇವೆಯಾಗಿರಲಿಲ್ಲ, ಅದೇ ಪಾಠವಾಗಿತ್ತು.

1986ರಲ್ಲಿ ಕರ್ನಾಟಕದ ಶಾಸನಸಭೆ ಕಾಯ್ದೆ ಮಾಡಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆಯನ್ನು ಸ್ಥಾಪಿಸಿದಾಗ ಅದನ್ನು ಕಟ್ಟುವ ಹೊಣೆ ಮೆನನ್ ಅವರಿಗೆ ಬಂತು. ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಆರಂಭವಾದ ಶಾಲೆ ನಾಗರಭಾವಿಯಲ್ಲಿ ಬೇರೂರಿತು. ಹನ್ನೆರಡು ವರ್ಷ ಅದರ ನಿರ್ದೇಶಕರಾಗಿದ್ದರು. ಪದವಿ ಮುಗಿಸಿ ಬೇರೇನೂ ಸಿಗದವರು ಸಂಜೆ ಹೊತ್ತು ಕಲಿಯುವ ವಿದ್ಯೆ ಎಂಬಂತಾಗಿದ್ದ ಕಾನೂನು, ಪಿಯುಸಿ ಮುಗಿಸಿದ ಮಕ್ಕಳು ಆಸೆಪಟ್ಟು ಐದು ವರ್ಷ ಕಲಿಯುವ ವಿದ್ಯೆಯಾದದ್ದು ಅಲ್ಲಿಂದಲೇ. ಬಳಿಕ ಕೋಲ್ಕತ್ತದಲ್ಲಿ ಇನ್ನೊಂದು ಕಾನೂನು ವಿಶ್ವವಿದ್ಯಾಲಯ ಕಟ್ಟಿದರು, ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಯಲ್ಲಿ ನ್ಯಾಯಾಧೀಶರಿಗೇ ಮಾಸ್ತರರಾದರು. ಸಮಾನ ಅವಕಾಶ ಆಯೋಗ ಹೇಗಿರಬೇಕು ಎಂದು ಕೇಂದ್ರಕ್ಕೆ ವರದಿ ಕೊಟ್ಟ ತಜ್ಞರ ಸಮಿತಿಗೂ ಅವರೇ ಅಧ್ಯಕ್ಷರು. 2003ರಲ್ಲಿ ಪದ್ಮಶ್ರೀ ಬಂತು. 2019ರ ಮೇ 8ರಂದು ತೀರಿಕೊಂಡ ಮೇಲೆ ಪದ್ಮಭೂಷಣವೂ ಬಂತು.

ಮಾನ್ಯರೇ, ಕೇರಳದ ಮಗನೊಬ್ಬ ತನ್ನ ಒಳ್ಳೆಯ ವರ್ಷಗಳನ್ನು ಕರ್ನಾಟಕದ ನೆಲದಲ್ಲಿ ಸುರಿದ. ನಾವು ಕೇರಳದ ನೆಲದಲ್ಲಿರುವ ಕನ್ನಡಿಗರು. ಅವರು ಬೆಂಗಳೂರಿಗೆ ಕೊಟ್ಟದ್ದರಲ್ಲಿ ಒಂದು ಬೊಗಸೆಯನ್ನು ಇಲ್ಲಿಗೂ ತನ್ನಿ ಎಂದು ಕೇಳುವ ಸಲಿಗೆ ನಮಗಿದೆ ಎಂದು ನಂಬಿದ್ದೇನೆ.

ಈ ವಿದ್ಯೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಪಂಚಾಯತಿಗೆ ಬೇರೆಯವರು ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದದ್ದರ ಫಲವನ್ನು ಪಡ್ರೆ, ವಾಣೀನಗರದ ಮನೆಗಳು ಇಂದಿಗೂ ಉಣ್ಣುತ್ತಿವೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ವಿಷಯ ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂದಾಗ, 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಆ ಎಂಟು ಮಂದಿ ಯಾರು? ನ್ಯಾಯಾಂಗ ನಿಂದನೆಯ ಅರ್ಜಿ ಹಿಡಿದು ದೆಹಲಿಯವರೆಗೆ ಹೋಗಲು ಸಾಧ್ಯವಾದವರು. ನ್ಯಾಯಾಲಯ ಕಟುವಾಗಿ ಹೇಳಿದ ಮೇಲೆಯೇ ಉಳಿದವರ ಸರದಿ ಬಂದದ್ದು. ಈ ಎಂಟು ಎಂಬ ಅಂಕಿಯನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಿಲ್ಲ. ಆದೇಶ ಎಲ್ಲರಿಗೂ ಒಂದೇ ಆಗಿತ್ತು. ಬಾಗಿಲು ತಟ್ಟುವುದು ಹೇಗೆಂದು ತಿಳಿದವರಿಗೆ ಮಾತ್ರ ಅದು ತೆರೆಯಿತು.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಕಣ್ಣೂರು ವಿಶ್ವವಿದ್ಯಾಲಯದ ಕಾನೂನು ವಿಭಾಗ ನಿಮ್ಮ ಕ್ಷೇತ್ರದಲ್ಲಿ, ಮಂಜೇಶ್ವರದ ಕ್ಯಾಂಪಸ್ಸಿನಲ್ಲೇ ಇದೆ. ವಿಶ್ವವಿದ್ಯಾಲಯಗಳಲ್ಲೂ ಕಾನೂನು ಕಾಲೇಜುಗಳಲ್ಲೂ ನೆರವಿನ ಕೇಂದ್ರಗಳು ನಡೆಯಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯೇ ಹೇಳುತ್ತದೆ. ಹೊಸ ಕಾನೂನೇನೂ ಬೇಡ, ಅಲ್ಲಿನ ನೆರವಿನ ಕೆಲಸಕ್ಕೆ ಕನ್ನಡದ ಒಂದು ಬಾಗಿಲು ಬೇಕು. ಕನ್ನಡ ಬಲ್ಲ ವಿದ್ಯಾರ್ಥಿಗಳು ವಾರಕ್ಕೊಂದು ದಿನ ಎಣ್ಮಕಜೆ, ಪೈವಳಿಕೆ, ಮೀಂಜ, ವರ್ಕಾಡಿ, ಪುತ್ತಿಗೆಯ ಪಂಚಾಯತಿ ಕಟ್ಟಡದಲ್ಲಿ ಕುಳಿತುಕೊಳ್ಳಲಿ. ಜನ ತಂದ ಕಾಗದವನ್ನು ಓದಿ, ಅರ್ಥ ಹೇಳಿ, ಉತ್ತರವನ್ನು ಕನ್ನಡದಲ್ಲಿ ಬರೆದುಕೊಡಲಿ. ಮೇಲೆ ನೋಡಿಕೊಳ್ಳಲು ಒಬ್ಬ ಅಧ್ಯಾಪಕರು, ಒಬ್ಬ ವಕೀಲರು ಇರಲಿ. ಮಲಯಾಳ ಮಾತ್ರ ಬಲ್ಲ ವಿದ್ಯಾರ್ಥಿಗಳೂ ಜೊತೆಗೆ ಬರಲಿ. ನಮ್ಮ ಮಾತು ಅವರ ಕಿವಿಗೆ ಬೀಳುವುದೂ ಒಂದು ಪಾಠವೇ. ಈ ಕೆಲಸಕ್ಕೆ ಅಂಕವೂ ಸಿಗಬೇಕು, ಇಲ್ಲದಿದ್ದರೆ ಎರಡನೆಯ ವರ್ಷಕ್ಕೆ ನಿಂತುಹೋಗುತ್ತದೆ. ಶಾಲೆಯಲ್ಲಿ ಇಂಥ ಎಷ್ಟೋ ಒಳ್ಳೆಯ ಕಾರ್ಯಕ್ರಮಗಳು ಹಾಗೆ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ.

ವಿಶ್ವವಿದ್ಯಾಲಯಕ್ಕಾಗಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕಾಗಲಿ ನೀವು ಆಜ್ಞೆ ಮಾಡಲಾರಿರಿ, ಬಲ್ಲೆ. ಆದರೆ ಇಬ್ಬರನ್ನೂ ಒಂದೇ ಮೇಜಿನ ಸುತ್ತ ಕೂರಿಸಬಲ್ಲಿರಿ, ಸದನದಲ್ಲಿ ಎದ್ದು ನಿಂತು ಕೇಳಬಲ್ಲಿರಿ.

ಇದನ್ನು ನಿಮ್ಮ ಕೈಗೇ ಕೊಡದೆ ಬಹಿರಂಗವಾಗಿ ಏಕೆ ಬರೆದೆ ಎಂದು ಬೇಸರಿಸಬೇಡಿ. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮ್‌ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಭಾರತದ ಮುಖ್ಯ ನ್ಯಾಯಮೂರ್ತಿಗೇ ಬಹಿರಂಗ ಪತ್ರ ಬರೆದಿದ್ದರು. ಮಹಾರಾಷ್ಟ್ರದ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಪೊಲೀಸ್ ಠಾಣೆಯಲ್ಲಿ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಆರೋಪಿ ಪೊಲೀಸರು ಬಿಡುಗಡೆಯಾಗಿದ್ದರು. ಪತ್ರ ಓದಿದ ಹೆಂಗಸರು ಊರೂರಲ್ಲಿ ಬೀದಿಗಿಳಿದರು, 1983ರಲ್ಲಿ ಕಾನೂನೇ ಬದಲಾಯಿತು. ನನ್ನ ಪತ್ರಕ್ಕೆ ಆ ತೂಕವಿಲ್ಲ. ಆದರೂ ಹತ್ತು ಜನ ಓದಿದ ಕಾಗದ ದೇವರ ಪಟದ ಹಿಂದೆ ಸೇರುವುದಿಲ್ಲ ಎಂಬ ಆಸೆ.

ತಾವು ಪೆರ್ಲಕ್ಕೆ ಬರುವ ದಿನ ತಿಳಿಸಿದರೆ, ಆ ನೋಟೀಸನ್ನು ಹಿಡಿದುಕೊಂಡು ನಾನೂ ಆ ತಾಯಿಯೂ ಬಂದು ತಮ್ಮನ್ನು ಕಾಣುತ್ತೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ,
ಎಣ್ಮಕಜೆ, ಕಾಸರಗೋಡು ಜಿಲ್ಲೆ