ಕೌದಿಯ ಸಮಾರಂಭಕ್ಕೆ ಹೊರಟ ತಂಗಿಗೆ

ವಿರಾಜಪೇಟೆ

ಪ್ರೀತಿಯ ತಂಗಿಗೆ,

ಮಡಿಕೇರಿಯಲ್ಲಿ ನಡೆಯಲಿರುವ ಅಭಿನಂದನಾ ಸಮಾರಂಭಕ್ಕೆ ಹೋಗಿ, ಹಳೆಯ ಬಟ್ಟೆಯ ಪದರಗಳಿಂದ ಕೌದಿ ಎಂಬ ಹೊದಿಕೆ ಹೊಲಿಯುವ ಆ ಹಿರಿಯ ತಾಯಿಯ ಬಗ್ಗೆ ಲೇಖನ ಬರೆಯುವ ಹೊಣೆ ನಿನ್ನ ಪಾಲಿಗೆ ಬಂದಿದೆ ಎಂದೂ, ಇಂಥ ಕಡೆ ಬರಹಗಾರರು ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂಬುದು ತಿಳಿಯುತ್ತಿಲ್ಲವೆಂದೂ ಬರೆದಿದ್ದೀಯೆ. ಕೇಳಿದ್ದು ಒಳ್ಳೆಯದಾಯಿತು. ಸನ್ಮಾನದ ಬಗ್ಗೆ ನಮ್ಮಲ್ಲಿ ಬರುವ ಬರಹಗಳಲ್ಲಿ ಸನ್ಮಾನಿಸಿದವರೇ ಹೆಚ್ಚು ಕಾಣಿಸುತ್ತಾರೆ. ಯಾರು ದೀಪ ಬೆಳಗಿಸಿದರು, ಯಾರು ಅಧ್ಯಕ್ಷತೆ ವಹಿಸಿದರು, ಯಾರು ವಂದಿಸಿದರು ಎಂಬುದರಲ್ಲಿ ಪುಟ ಮುಗಿದು, ಯಾವ ಕೆಲಸಕ್ಕಾಗಿ ಅಷ್ಟು ಜನ ಸೇರಿದರೋ ಆ ಕೆಲಸಕ್ಕೆ ಕೊನೆಯಲ್ಲಿ ಒಂದು ವಾಕ್ಯ ಉಳಿಯುತ್ತದೆ. ನನಗೆ ಹೇಳಲಿಕ್ಕಿರುವುದು ಒಂದೇ ಮಾತು: ವೇದಿಕೆಗೆ ಮೊದಲು ಕೌದಿಯನ್ನು ನೋಡು, ಆಮೇಲೆ ಅದನ್ನು ಹೊಲಿದವರ ಬಾಯಿಂದಲೇ ಅದರ ವಿವರವನ್ನು ಕೇಳಿ ಬರೆದುಕೊ.

ಕಾರ್ಯಕ್ರಮದ ಹೊತ್ತಿಗೆ ಸರಿಯಾಗಿ ಹೋಗುವುದು ಸಾಲದು. ಸಭಾಂಗಣದಲ್ಲಿ ಕೌದಿಗಳನ್ನು ತೂಗುಹಾಕುವ ಹೊತ್ತಿಗೇ ಅಲ್ಲಿರು. ಸಾಧ್ಯವಾದರೆ ಹಗ್ಗ ಕಟ್ಟಲು, ಅಂಚು ಹಿಡಿಯಲು ಕೈಜೋಡಿಸು. ಕೌದಿಯ ಭಾರ ಎಷ್ಟೆಂಬುದು ಎತ್ತಿ ಹಿಡಿದವರಿಗೆ ಮಾತ್ರ ತಿಳಿಯುತ್ತದೆ. ಆ ತಾಯಿಯ ಅನುಮತಿ ಕೇಳಿ ಅದನ್ನು ಮುಟ್ಟಿ ನೋಡು, ಮಗುಚಿ ನೋಡು. ಎದುರಿನ ಬಣ್ಣದ ತೇಪೆಗಳು ಎಲ್ಲರ ಕಣ್ಣನ್ನೂ ಸೆಳೆಯುತ್ತವೆ, ಆದರೆ ಹೊಲಿದವರ ಕೈ ಸ್ಪಷ್ಟವಾಗಿ ಕಾಣುವುದು ಹಿಂಬದಿಯಲ್ಲಿ. ಸೂಜಿ ಮೇಲೆ ಕೆಳಗೆ ಹೋಗಿಬರುವ ಸಾದಾ ಹೊಲಿಗೆಯ ಸಾಲುಗಳು ಎಷ್ಟು ಒತ್ತಾಗಿವೆ, ಎಲ್ಲಿ ದಾರ ಮುಗಿದು ಹೊಸ ದಾರ ಸೇರಿದೆ, ಎಲ್ಲಿ ಹೊಲಿಗೆಯ ಅಳತೆ ಬದಲಾಗಿ ಇನ್ನೊಬ್ಬರು ಕೈಸೇರಿಸಿದ್ದು ಗೊತ್ತಾಗುತ್ತದೆ ಎಂಬುದನ್ನೆಲ್ಲ ಅಲ್ಲಿ ನೋಡಬಹುದು. ಆ ಒತ್ತಾದ ಸಾಲುಗಳು ಅಲಂಕಾರಕ್ಕೆಂದು ಹಾಕಿದವಲ್ಲ. ಉಟ್ಟು ಒಗೆದು ಸವೆದ ಹತ್ತಿ ಸೀರೆ, ಧೋತರಗಳ ಪದರಗಳು ಒಗೆತದಲ್ಲಿ ಸರಿದು ಒಂದೆಡೆ ಮುದ್ದೆಯಾಗದಂತೆ ಹಿಡಿದಿಡುವುದು ಆ ಹೊಲಿಗೆಯೇ. ಪದರಗಳ ನಡುವೆ ನಿಂತ ಗಾಳಿಯೇ ಕೌದಿ ಬೆಚ್ಚಗಿರಲು ಕಾರಣ. ಹೊಲಿಗೆ ಹದ ತಪ್ಪಿದರೆ ಬೆಚ್ಚನೆಯೂ ತಪ್ಪುತ್ತದೆ. ಇಷ್ಟು ತಿಳಿದ ಮೇಲೆ ‘ಮನಮೋಹಕ’, ‘ವರ್ಣರಂಜಿತ’ ಎಂಬ ವಿಶೇಷಣಗಳ ಅಗತ್ಯ ನಿನಗೆ ಬೀಳುವುದಿಲ್ಲ.

ಆಕೆ ಬಾಗಲಕೋಟೆ ಸೀಮೆಯಿಂದ ಮದುವೆಯಾಗಿ ನಮ್ಮ ಜಿಲ್ಲೆಗೆ ಬಂದವರು ಎಂದು ನೀನು ಬರೆದಿದ್ದೀಯೆ. ನನ್ನ ಮಟ್ಟಿಗೆ ಇಡೀ ಲೇಖನ ತೆರೆದುಕೊಳ್ಳುವುದು ಇಲ್ಲಿಂದಲೇ. ಅವರು ಹುಟ್ಟಿದ ಕಡೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ. ಮಡಿಕೇರಿಯಲ್ಲಿ 3,000 ಮಿಲಿಮೀಟರಿಗೂ ಹೆಚ್ಚು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಹಾನವಮಿಗೆ ಮೊದಲು ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೋ ಕೆರೆಗೋ ಹೊತ್ತು ಒಯ್ದು, ಒಗೆದು, ಬಂಡೆಗಳ ಮೇಲೆ ಹರವಿ ಒಣಗಿಸುವ ರೂಢಿಯಿದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಳುವಾದ ಸೀರೆಯೇ ಒಣಗದೆ ಒಲೆಯ ಕಾವಿಗೆ ಹಿಡಿಯಬೇಕಾಗುವಾಗ, ಐದಾರು ಪದರದ ಹತ್ತಿಬಟ್ಟೆ ತೇವ ಹೀರಿಕೊಂಡರೆ ಏನು ಗತಿ? ಮಳೆನಾಡಿಗೆ ಬಂದ ಮೇಲೆ ಅವರು ಪದರ ಕಡಿಮೆ ಮಾಡಿದರೇ, ಹೊಲಿಗೆಯನ್ನು ಬಿಡಿಯಾಗಿಸಿದರೇ, ಬೂಷ್ಟು ಹಿಡಿಯದಂತೆ ಕೌದಿಗಳನ್ನು ಎಲ್ಲಿಡುತ್ತಾರೆ ಎಂದು ಕೇಳು. ಬರೀ ಬಟ್ಟೆಯ ಪ್ರಶ್ನೆಗಳೆಂದು ತೋರಿದರೂ, ಹೊಸ ನಾಡಿಗೆ ಬಂದ ಹೆಣ್ಣುಮಗಳು ತನ್ನ ವಿದ್ಯೆಯನ್ನು ಆ ನಾಡಿಗೆ ಹೇಗೆ ಹೊಂದಿಸಿಕೊಂಡಳು ಎಂಬುದು ಈ ಪ್ರಶ್ನೆಗಳ ಉತ್ತರದಲ್ಲೇ ಸಿಗುತ್ತದೆ. ‘ನಿಮ್ಮ ಸಂಘರ್ಷದ ಬದುಕಿನ ಬಗ್ಗೆ ಹೇಳಿ’ ಎಂದು ಕೇಳಿದರೆ ಅದು ಸಿಗಲಾರದು.

ಬಟ್ಟೆಯ ಮೂಲವನ್ನೂ ಕೇಳು. ಅವರ ಹಳೆಯ ಕೌದಿಗಳಲ್ಲಿ ಇಳಕಲ್ ಸೀರೆಯ ಅಂಚು ಕಂಡರೆ ಆಶ್ಚರ್ಯವಿಲ್ಲ. ಇಳಕಲ್ ಅವರದೇ ಜಿಲ್ಲೆಯ ಊರು. ಆದರೆ ಇಲ್ಲಿಗೆ ಬಂದ ಮೇಲೆ ಹೊಲಿದವುಗಳಲ್ಲಿ ಏನಿದೆ? ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬಂದ ಸೀರೆಗಳೇ, ಶಾಲೆಯ ಹಳೆಯ ಸಮವಸ್ತ್ರವೇ, ಕೊಡವ ಮನೆಯ ಅಜ್ಜಿಯೊಬ್ಬರು ಉಟ್ಟ ಸೀರೆಯೇ? ನಮ್ಮ ಕೊಡವ ಹೆಂಗಸರು ನೆರಿಗೆಯನ್ನು ಹಿಂದಕ್ಕೆ ಬಿಟ್ಟು ಉಡುವುದರಿಂದ ಸೀರೆ ಬೇರೆ ಜಾಗದಲ್ಲಿ ಸವೆಯುತ್ತದೆಯೇ, ಅದರಲ್ಲಿ ತೇಪೆಗೆ ಆಗುವಷ್ಟು ಗಟ್ಟಿ ಬಟ್ಟೆ ಉಳಿಯುವುದು ಎಲ್ಲಿ ಎಂಬುದನ್ನು ವರ್ಷಗಟ್ಟಲೆ ಕತ್ತರಿ ಹಿಡಿದವರು ಹೇಳಬಲ್ಲರು. ನಾನಾದರೆ ಮೊದಲು ಇದನ್ನೇ ಕೇಳುತ್ತಿದ್ದೆ. ಕೆಲಸ ಬಲ್ಲವರಿಗೆ ಕೆಲಸದ ಬಗ್ಗೆ ನಿಜವಾದ ಪ್ರಶ್ನೆ ಕೇಳುವುದಕ್ಕಿಂತ ದೊಡ್ಡ ಗೌರವವನ್ನು ನಾನು ಕಾಣೆ.

ಕೇಳಿ ಬರೆದಿಟ್ಟುಕೊಳ್ಳುವುದರ ಬೆಲೆ ಎಷ್ಟೆಂಬುದಕ್ಕೆ ದೂರದ ಒಂದು ಪ್ರಸಂಗವನ್ನು ನಿನಗೆ ತಿಳಿಸಲೇಬೇಕು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1837ರಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಎಂಬ ಹೆಣ್ಣುಮಗಳು ಬೈಬಲ್ಲಿನ ಕಥೆಗಳನ್ನು ಬಟ್ಟೆಯ ತುಂಡುಗಳಿಂದ ಚಿತ್ರಿಸಿದ ಕೌದಿಯೊಂದನ್ನು ಹೊಲಿದಿದ್ದಳು. 1886ರಲ್ಲಿ ಅಥೆನ್ಸ್ ಪಟ್ಟಣದ ಹತ್ತಿ ಮೇಳದಲ್ಲಿ ಅದನ್ನು ಕಂಡ ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ಕೊಳ್ಳಲು ಮುಂದಾದರೂ ಪವರ್ಸ್ ಮಾರಲು ಒಪ್ಪಲಿಲ್ಲ. ಕೆಲವು ವರ್ಷಗಳ ಬಳಿಕ, ಕೈ ತೀರ ಬಿಗಿಯಾದಾಗ, ಐದು ಡಾಲರಿಗೆ ಅದನ್ನು ಕೊಡಬೇಕಾಯಿತು. ಕೊಡುವಾಗ ಅದರ ಹನ್ನೊಂದು ಚೌಕಗಳಲ್ಲಿ ಏನೇನಿದೆ ಎಂಬುದನ್ನು ಆಕೆ ವಿವರಿಸಿದಳು, ಸ್ಮಿತ್ ಅದನ್ನು ಬರೆದಿಟ್ಟುಕೊಂಡಳು. ಮಾರಿದ ಮೇಲೂ ಪವರ್ಸ್ ತನ್ನ ಕೌದಿಯನ್ನು ನೋಡಲು ಮತ್ತೆ ಮತ್ತೆ ಹೋಗುತ್ತಿದ್ದಳು. ಇಂದು ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಆ ಟಿಪ್ಪಣಿ ಇರದಿದ್ದರೆ ಚೌಕಗಳೊಳಗಿನ ಎಷ್ಟೋ ಆಕೃತಿಗಳು ಯಾರು, ಏನು ಎಂಬುದನ್ನು ನಾವು ಊಹಿಸುತ್ತಾ ಕೂರಬೇಕಾಗಿತ್ತು.

ಬಾಸ್ಟನ್ನಿನ ಸಂಗ್ರಹಾಲಯದಲ್ಲಿರುವ ಆಕೆಯ ಇನ್ನೊಂದು ಕೌದಿಯಲ್ಲಿ 1833ರ ನವೆಂಬರ್ ತಿಂಗಳ ಉಲ್ಕಾಪಾತದ ಚಿತ್ರವಿದೆ. ಅದು ಆಕೆ ಹುಟ್ಟುವುದಕ್ಕೂ ಮೊದಲಿನ ಸಂಗತಿ. ಹಿರಿಯರು ಕಂಡು ಹೇಳಿದ್ದು ಮಗಳ ಸೂಜಿಗೆ ಬಂದಿರಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ತಾಯಿಯ ಕೌದಿಯ ಮುಂದೆ ನಿಂತಾಗ, ಈ ತೇಪೆ ಯಾರದು ಎಂಬುದರ ಜೊತೆಗೆ, ಈ ವಿನ್ಯಾಸವನ್ನು ನಿಮಗೆ ಹೇಳಿಕೊಟ್ಟವರು ಯಾರು, ಅವರು ಯಾರಿಂದ ಕಲಿತರು ಎಂದೂ ಕೇಳು. ಇನ್ನೂ ಒಂದು ಮಾತಿದೆ. ಪವರ್ಸ್ ಆಡಿದ ನುಡಿ ನಮಗೆ ಸಿಕ್ಕಿರುವುದು ಸ್ಮಿತ್ ಅವರ ಲೇಖನಿಯ ಮೂಲಕ ಸೋಸಿಕೊಂಡು. ಹೇಳಿದವಳ ದನಿ ಎಷ್ಟು, ಬರೆದವಳ ದನಿ ಎಷ್ಟು ಎಂಬುದನ್ನು ಬೇರ್ಪಡಿಸುವುದು ಈಗ ಕಷ್ಟ. ನಿನ್ನ ಕೈಯಲ್ಲಿ ಮೊಬೈಲು ಇದೆ. ಆ ತಾಯಿಯ ಒಪ್ಪಿಗೆ ಪಡೆದು ಮಾತನ್ನು ಧ್ವನಿಮುದ್ರಿಸಿಕೊ. ಅವರ ಕನ್ನಡ ಬಾಗಲಕೋಟೆಯ ಕನ್ನಡ. ಅವರು ‘ಅರಿವಿ’ ಎಂದದ್ದನ್ನು ‘ಬಟ್ಟೆ’ ಎಂದು ತಿದ್ದುವ, ‘ಹೊಲದೀನಿ’ ಎಂದದ್ದನ್ನು ‘ಹೊಲಿದಿದ್ದೇನೆ’ ಎಂದು ನಯಮಾಡುವ ಅಧಿಕಾರ ನಿನಗಿಲ್ಲ. ಉದ್ಧರಣ ಚಿಹ್ನೆಯ ಒಳಗೆ ಅವರ ನುಡಿ ಇದ್ದಂತೆಯೇ ಇರಲಿ, ಹೊರಗೆ ನಿನ್ನ ಬರಹದ ಕನ್ನಡ ಇರಲಿ.

ಹೋಗುವ ಮೊದಲು ಸ್ವಲ್ಪ ಓದಿಕೊಂಡು ಹೋಗು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಯಲ್ಲಿ ಅಂಚಿನಿಂದ ತೊಡಗಿ ಸುತ್ತುತ್ತಾ ಸುತ್ತುತ್ತಾ ನಡುಭಾಗಕ್ಕೆ ಬಂದು ಸೇರುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ಹೂವಿನಂಥ ತುಣುಕುಗಳನ್ನು ಹೊಲಿಯದೆ ಅದು ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಬಂಗಾಳದ ಕಾಂಥಾ ಕೂಡ ಹಳೆಯ ಸೀರೆಯ ಪದರಗಳಿಂದಲೇ ಹುಟ್ಟಿದ್ದು. ಆ ಕಸೂತಿಗಾಗಿ ಪ್ರೀತಿಕಣಾ ಗೋಸ್ವಾಮಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇವೆಲ್ಲವನ್ನೂ ಲೇಖನದಲ್ಲಿ ತುರುಕಬೇಕಾಗಿಲ್ಲ. ನಿನ್ನ ಎದುರಿಗಿರುವ ಕೌದಿ ಯಾವುದರಂತೆ ಇಲ್ಲ ಎಂಬುದನ್ನು ಕಾಣಲು ಕಣ್ಣಿಗೆ ಇಷ್ಟು ಸಿದ್ಧತೆ ಬೇಕು, ಅಷ್ಟೆ.

ಅಂಕಿಗಳ ಬಗ್ಗೆ ಎಚ್ಚರ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರಿನ ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಅದರ ಹಿಂದೆ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ದುಡಿಮೆ ಇತ್ತು. ನನಗೆ ಆ ದಾಖಲೆಯ ಬಗ್ಗೆ ಹೆಮ್ಮೆಯಿದೆ. ಆದರೂ ನಾನು ಓದಿದ ವರದಿಗಳಲ್ಲಿ ಸಂಖ್ಯೆ ಎದ್ದು ಕಂಡಷ್ಟು ಆ ಕೈಗಳ ಹೆಸರುಗಳು ಕಾಣಲಿಲ್ಲ ಎಂಬ ಕೊರಗು ಹೋಗಿಲ್ಲ. ಮಡಿಕೇರಿಯ ಸಭೆಯಲ್ಲಿಯೂ ‘ಇಷ್ಟು ಸಾವಿರ ಕೌದಿ ಹೊಲಿದ ಸಾಧಕಿ’ ಎಂದು ಯಾರಾದರೂ ಘೋಷಿಸಬಹುದು. ಆ ತಾಯಿಯೇ ಲೆಕ್ಕ ಇಟ್ಟಿದ್ದರೆ ಮಾತ್ರ ಬರೆ. ಇಲ್ಲವಾದರೆ, ತೂಗುಹಾಕಿದ ಒಂದೇ ಕೌದಿಯನ್ನು ಆರಿಸಿಕೊಂಡು, ಅದನ್ನು ಯಾರಿಗಾಗಿ, ಯಾವ ಕಾಲದಲ್ಲಿ, ಎಷ್ಟು ದಿನ ಕೂತು ಹೊಲಿದರು ಎಂಬುದನ್ನು ಪೂರ್ತಿ ಬರೆ.

ಹಣದ ಪ್ರಶ್ನೆಯನ್ನು ಕೇಳಲು ಸಂಕೋಚಪಡಬೇಡ. ಮೊದಲು ಕೂಲಿಯಾಗಿ ಜೋಳ, ಹಳೆಯ ಬಟ್ಟೆ ಸಿಗುತ್ತಿತ್ತೇ? ಈಗ ಒಂದು ಕೌದಿಗೆ ಎಷ್ಟು ಕೊಡುತ್ತಾರೆ? ಅಂಗಡಿಯವರು ಎಷ್ಟಕ್ಕೆ ಮಾರುತ್ತಾರೆ? ಆಕೆ ಹೇಳಲು ಒಪ್ಪಿದರೆ ಆ ಮೊತ್ತಗಳನ್ನು ಅಕ್ಕಪಕ್ಕದಲ್ಲಿ ಬರೆದುಬಿಡು, ಮೇಲೆ ಯಾವ ವ್ಯಾಖ್ಯಾನವೂ ಬೇಡ. ಹೇಳಲು ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ.

ಇನ್ನು ಸಮಾರಂಭದ ವಿಷಯ. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆಗಳನ್ನು ಕಂಡು ಮೂಗು ಮುರಿಯುವ ಬರಹಗಾರರೂ ನಮ್ಮಲ್ಲಿದ್ದಾರೆ. ನನಗೆ ಆ ನಿಲುವು ಸರಿಯೆನಿಸುವುದಿಲ್ಲ. ಬದುಕಿನ ಬಹುಭಾಗವನ್ನು ಇನ್ನೊಬ್ಬರ ಮನೆಯ ಜಗುಲಿಯ ಮೇಲೆ, ನೆಲದ ಮೇಲೆ ಕೂತು ದುಡಿದವರನ್ನು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂರಿಸಿ ಊರು ಎದ್ದು ನಿಲ್ಲುತ್ತದೆ ಎಂದರೆ ಅದು ಸಣ್ಣ ಸಂಗತಿಯಲ್ಲ. ಅದನ್ನು ಚುಟುಕಾಗಿ, ನೇರವಾಗಿ, ಆದರದಿಂದ ಬರೆ. ಭಾಷಣಗಳ ಸಾರಾಂಶ ಬೇಡ. ಭಾಷಣದ ನಡುವೆ ಹೊಸ ವಿವರವೊಂದು ಬಂದರೆ ಅದನ್ನು ಮಾತ್ರ ಎತ್ತಿಕೊ. ಅದಕ್ಕಿಂತ ಹೆಚ್ಚಾಗಿ ಸಭಿಕರತ್ತ ತಿರುಗು. ಆ ತಾಯಿಯ ಕೌದಿ ಹೊದ್ದು ಮಲಗಿದವರು ಅಲ್ಲಿ ಬಂದಿರುತ್ತಾರೆ. ಬಾಣಂತನಕ್ಕೆಂದು ಹೊಲಿಸಿಕೊಂಡ ತಾಯಂದಿರು ಇರಬಹುದು, ತೀರಿಕೊಂಡ ಅಮ್ಮನ ಸೀರೆಗಳನ್ನು ತಂದುಕೊಟ್ಟು ಹೊಲಿಸಿಕೊಂಡವರು ಇರಬಹುದು. ಊಟದ ಹೊತ್ತಿನಲ್ಲಿ ಅವರ ಪಕ್ಕ ಕೂತು ಮಾತಾಡಿಸು. ಅವರ ಮನೆಯಲ್ಲಿ ಅದು ಎಷ್ಟು ವರ್ಷ ಬಾಳಿತು, ಹರಿದಾಗ ಯಾರು ತಿದ್ದಿಕೊಟ್ಟರು ಎಂದು ಕೇಳು.

ಬರೆಯಲು ಕೂತಾಗ ಕೆಲವು ಮಾತುಗಳು ಕರೆಯದೆಯೇ ಬರುತ್ತವೆ. ‘ಎಲೆಮರೆಯ ಕಾಯಿ’ ಎಂಬ ಪದಪುಂಜವನ್ನು ದಯವಿಟ್ಟು ದೂರವಿಡು. ಆಕೆ ಮರೆಯಲ್ಲಿದ್ದವರಲ್ಲ, ನಾವು ನೋಡದೆ ಇದ್ದವರು. ‘ಅಳಿವಿನಂಚಿನ ಕಲೆ’ ಎಂದು ಬರೆಯುವ ಮೊದಲು ಅವರಿಂದ ಎಷ್ಟು ಜನ ಕಲಿತಿದ್ದಾರೆ, ಅವರಲ್ಲಿ ಈಗಲೂ ಯಾರು ಹೊಲಿಯುತ್ತಿದ್ದಾರೆ ಎಂದು ವಿಚಾರಿಸು. ಮುಖ್ಯವಾಗಿ, ಬದುಕೇ ಒಂದು ಕೌದಿ, ಸಮಾಜವೇ ಒಂದು ಕೌದಿ ಎಂಬ ಕಡೆಗೆ ಜಾರಬೇಡ. ಹಾಗೆ ಬರೆದ ಕೂಡಲೇ ಎದುರಿಗಿದ್ದ ಕೌದಿ ಮಾಯವಾಗಿ ನಿನ್ನ ತತ್ವ ಮಾತ್ರ ಉಳಿಯುತ್ತದೆ. ಆಕೆ ಹೊಲಿದದ್ದು ರೂಪಕವನ್ನಲ್ಲ. ಡಿಸೆಂಬರಿನ ಚಳಿಯಲ್ಲಿ ಮಗುವಿಗೆ ಹೊದಿಸುವ ವಸ್ತುವನ್ನು, ಅದೂ ಅಂದವಾಗಿರಬೇಕೆಂಬ ಹಟದಿಂದ.

ಕರಡು ಸಿದ್ಧವಾದ ಮೇಲೆ ಸಂಪಾದಕರಿಗೆ ಕಳುಹಿಸುವ ಮೊದಲು ಆ ತಾಯಿಯ ಮನೆಗೆ ಹೋಗಿ ಓದಿ ಹೇಳು. ಊರಿನ ಹೆಸರು, ತಾಯಿಯ ಹೆಸರು, ವರ್ಷ, ಹೊಲಿಗೆಯ ವಿವರ ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಅಚ್ಚಾಗುವುದು ಬೇಡವೆಂದು ಅವರು ಹೇಳಿದ ಮಾತನ್ನು ಅಲ್ಲೇ ಹೊಡೆದುಹಾಕು. ಚಿತ್ರ ತೆಗೆಯುವುದಾದರೆ ಶಾಲು ಹೊದಿಸುವ ಕ್ಷಣದ ಒಂದು ಸಾಕು. ಕೌದಿಯ ಎದುರು ಮತ್ತು ಹಿಂಬದಿ ಎರಡನ್ನೂ ಹಗಲ ಬೆಳಕಿನಲ್ಲಿ ತೆಗೆದು, ಪ್ರತಿ ಚಿತ್ರದ ಕೆಳಗೂ ಹೊಲಿದವರ ಹೆಸರು ಇರಲೇಬೇಕೆಂದು ಪತ್ರಿಕೆಯವರಿಗೆ ಮೊದಲೇ ತಿಳಿಸು. ಧ್ವನಿಮುದ್ರಣದ ಒಂದು ಪ್ರತಿಯನ್ನು ಆ ತಾಯಿಯ ಮಕ್ಕಳಿಗೆ ಕೊಟ್ಟು ಬಾ. ಲೇಖನದ ಉದ್ದದ ಬಗ್ಗೆ ಸಂಪಾದಕರು ತಕರಾರು ತೆಗೆದರೆ ಗಣ್ಯರ ಪಟ್ಟಿಯನ್ನು ಕತ್ತರಿಸಲು ಹೇಳು, ಹೊಲಿಗೆಯ ಭಾಗವನ್ನು ಮುಟ್ಟಲು ಬಿಡಬೇಡ. ಅವರು ಒಪ್ಪದಿದ್ದರೆ ನನಗೆ ಫೋನು ಮಾಡು, ನಾನೇ ಅವರೊಡನೆ ಮಾತಾಡುತ್ತೇನೆ.

ಇತಿ,
ನಿನ್ನ ಅಕ್ಕ